ನೋಡಿದವರ ನೀರು

ನಮ್ಮೂರಲ್ಲಿ ನೆಲದೊಳಗೆ ಪೈಪು ಹಾಕಿದರೆ, ಮಣ್ಣು ಮುಚ್ಚುವ ಮೊದಲು ಅದನ್ನು ಯಾರಾದರೂ ಕಣ್ಣಾರೆ ನೋಡಿರಬೇಕು. ನೋಡಿದವರಲ್ಲಿ ಒಬ್ಬರಾದರೂ ಬದುಕಿರಬೇಕು. ಬದುಕಿದ್ದರೆ ಸಾಲದು, ಊರಲ್ಲಿರಬೇಕು. ಕೊನೆಯವರು ಸತ್ತರೆ ಅಥವಾ ಹೊಳೆ ಸೇತುವೆ ದಾಟಿ ಹೋದರೆ ಆ ಪೈಪಿನಲ್ಲಿ ನೀರು ನಿಲ್ಲುತ್ತದೆ. ಯಾಕೆ ಹೀಗೆ ಎಂದು ಕೇಳುವವರು ಹೊರಗಿನವರು. ನಾವು ಕೇಳುವುದು, ಇನ್ನೂ ಎಷ್ಟು ಜನ ಉಳಿದಿದ್ದಾರೆ ಎಂದು.

ಆದ್ದರಿಂದ ಹೊಸ ಪೈಪು ತೋರಿಸಲು ಹಸುಗೂಸುಗಳನ್ನು ತರುವುದು ನಮ್ಮ ರೂಢಿ. ದೊಡ್ಡವರು ನೋಡಿದರೆ ಅವರ ಆಯಸ್ಸು ಇರುವಷ್ಟು ದಿನ ನೀರು; ಕೂಸು ನೋಡಿದರೆ ಒಂದು ತಲೆಮಾರು ನಿಶ್ಚಿಂತೆ. ಸಾಲದ್ದಕ್ಕೆ ದೊಡ್ಡವರು ನೋಡಿದರೆ ಹೊಸ ಪೈಪಿಗೆ ದೃಷ್ಟಿಯಾಗುತ್ತದೆ ಎಂಬ ಮಾತು ಬೇರೆ. ಹಾಗಾಗಿ ಗುಂಡಿಯ ಉದ್ದಕ್ಕೂ ತಗಡು ಅಡ್ಡ ಕಟ್ಟಿ, ತೋರಿಸುವ ದಿನ ಮಾತ್ರ ತೆಗೆಯುತ್ತಾರೆ. ತಾಯಂದಿರು ಗುಂಡಿಗೆ ಬೆನ್ನು ಮಾಡಿ, ಕೂಸನ್ನು ಹೆಗಲಿಗೆ ಹಾಕಿಕೊಂಡು, ಅಡ್ಡಡ್ಡ ಹೆಜ್ಜೆ ಇಡುತ್ತಾ ಊರ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಕೂಸು ತಾಯಿಯ ಬೆನ್ನ ಹಿಂದಕ್ಕೆ ಕಣ್ಣು ಬಿಟ್ಟುಕೊಂಡು ಪೈಪನ್ನೆಲ್ಲ ನೋಡಿ ಮುಗಿಸುತ್ತದೆ. ಎಲ್ಲ ಸರಿಯಾಗಿ ನಡೆಯಿತೇ ಎಂದು ನಿಗಾ ಇಡಲು ನೀರು ಸಮಿತಿಯವನೊಬ್ಬ ದೂರದಲ್ಲಿ ನಿಲ್ಲುತ್ತಾನೆ. ಅವನಿಗೆ ಕಾಣುವುದು ತಾಯಂದಿರ ಮುಖ ಮತ್ತು ಕೂಸುಗಳ ಬೆನ್ನು. ಆ ಸಮಿತಿಯವನು ನಾನೇ. ಹೆಸರು ಶಿವನಂಜ, ಕಸುಬು ಹಿಟ್ಟಿನ ಗಿರಣಿ. ಊರಲ್ಲಿ ಎಲ್ಲರೂ ಹೇಗೂ ನನ್ನ ಹತ್ತಿರ ಬರಲೇಬೇಕಾದ್ದರಿಂದ ನನ್ನನ್ನು ಸಮಿತಿಗೆ ಹಾಕಿದರು. ಬೇಡ ಅಂದೆ, ಯಾರು ಕೇಳುತ್ತಾರೆ.

ಕೆರೆಯಿಂದ ಊರಿಗೆ ಬರುವ ಹಳೇ ಪೈಪು ನಮ್ಮ ಅಜ್ಜಿಯರ ಕಾಲದ್ದು. ಅದನ್ನು ನೋಡಿದ ಕೂಸುಗಳು ಬೆಳೆದು, ಮುದುಕರಾಗಿ, ಒಬ್ಬೊಬ್ಬರೇ ಹೋದರು. ಕೆಲವರು ಸ್ಮಶಾನಕ್ಕೆ ಹೋದರು, ಬುದ್ಧಿವಂತರು ಅದಕ್ಕೆ ಮುಂಚೆಯೇ ಬೇರೆ ಊರಿಗೆ ಹೋದರು. ಇನ್ನಿಬ್ಬರೇ ಉಳಿದಿದ್ದಾರೆ ಅನ್ನುವಾಗ ಗೋವಿಂದಶೆಟ್ಟರು ಒಂದು ಬೆಳಿಗ್ಗೆ ಹಲ್ಲು ಕಟ್ಟಿಸಿಕೊಂಡು ಬರುತ್ತೇನೆಂದು ಬಸ್ಸು ಹತ್ತಿದವರು ಇನ್ನೂ ಬಂದಿಲ್ಲ. ಅಲ್ಲಿಗೆ ಉಳಿದವಳು ನನ್ನ ಚಿಕ್ಕವ್ವ ಹೊಂಬಾಳಮ್ಮ ಒಬ್ಬಳೇ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಇವತ್ತಿಗೂ ನನ್ನ ಜೊತೆಯಲ್ಲೇ ಇರುವವಳು. ಶೆಟ್ಟರು ಹೋದ ವಿಷಯ ಗೊತ್ತಿಲ್ಲದೆ ಅವಳು ಅದೇ ವಾರ ಹೊಳೆಯಾಚೆ ಒಂದು ಮದುವೆಗೆ ಹೋದಳು. ಇಲ್ಲಿ ಊರ ನಲ್ಲಿಗಳೆಲ್ಲ ಒಟ್ಟಿಗೆ ನಿಂತವು. ಪುರಸಭೆಯ ಟ್ರ್ಯಾಕ್ಟರ್ ಹೋಗಿ ಅವಳನ್ನು ಎಲೆ ಮುಂದಿನಿಂದ ಎಬ್ಬಿಸಿ ಕರೆತಂದಿತು. ಪಾಯಸ ಆಗಷ್ಟೇ ಬಡಿಸಿದ್ದರಂತೆ. ಆ ಪಾಯಸದ ಮಾತು ಅವಳು ಆಮೇಲೆ ಬಹಳ ವರ್ಷ ಆಡಿದಳು.

ಅವತ್ತಿನಿಂದ ಊರು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿತು. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಹಾಲು. ಬಿ.ಪಿ. ಏರುತ್ತದೆಂದು ಉಪ್ಪಿನಕಾಯಿ ಬಂದ್. ಜಾರಿ ಬಿದ್ದಾಳೆಂದು ಬಚ್ಚಲ ಬಾಗಿಲಲ್ಲಿ ಇಬ್ಬರು ಹೆಂಗಸರು. ಮೆಟ್ಟಿಲು ಹತ್ತುವಂತಿಲ್ಲ, ಮಳೆಯಲ್ಲಿ ಹೊರಡುವಂತಿಲ್ಲ, ಎಮ್ಮೆಯ ಹತ್ತಿರ ಸುಳಿಯುವಂತಿಲ್ಲ. ಅವಳು ಒಂದು ಸಲ ಕೆಮ್ಮಿದರೆ ಅಕ್ಕಪಕ್ಕದವರು ಮೊದಲು ಕೊಡಗಳನ್ನೆಲ್ಲ ತುಂಬಿಸಿಕೊಂಡು, ಆಮೇಲೆ ಬಂದು ವಿಚಾರಿಸುತ್ತಿದ್ದರು. ಯಾರನ್ನೂ ಬೈಯುವಂತಿರಲಿಲ್ಲ, ಎಲ್ಲರೂ ಒಳ್ಳೆಯದಕ್ಕೇ ಮಾಡುತ್ತಿದ್ದರು. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿದ್ದದ್ದು.

ಅವಳಿಗಿದ್ದದ್ದು ಒಂದೇ ಆಸೆ, ಸಮುದ್ರ ನೋಡುವುದು. ತೀರ್ಥಯಾತ್ರೆ, ಪುಣ್ಯ ಅಂತೇನೂ ಅಲ್ಲ. ಒಂದು ಸಂಜೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಹೇಳಿದಳು.

"ಕೆರೆ ನೋಡಿದೀನಿ, ಪೈಪು ನೋಡಿದೀನಿ, ನಲ್ಲಿ ನೋಡಿದೀನಿ, ಚರಂಡಿ ನೋಡಿದೀನಿ. ಇಷ್ಟೆಲ್ಲಾ ನೀರು ಕೊನೇಗೆ ಎಲ್ಲಿಗೋಗಿ ಕುಂತ್ಕತದೆ ಅಂತ ಒಂದ್ಸಲ ನೋಡ್ಬಿಟ್ರೆ ಸಾಕು ಕಣೋ."

ಹೊಸ ಪೈಪು ಬಂದ ದಿನ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ಕೊಡುವುದಕ್ಕೇನು, ಹೊಸ ಪೈಪು ಅನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೆ.

ಆದರೆ ಅದು ನಿಜವಾಗಿಯೂ ಬಂತು. ಕುಡಿಯುವ ನೀರಿಗೆ ಒಂದು, ಒಳಚರಂಡಿಗೆ ಒಂದು, ಎರಡೂ ಪೈಪು ಅಕ್ಕಪಕ್ಕದ ಗುಂಡಿಯಲ್ಲಿ, ಸರ್ಕಾರದ ದುಡ್ಡಿನಲ್ಲಿ. ಗುತ್ತಿಗೆದಾರ ಎಲ್ಲೋ ದೂರದಿಂದ ತನ್ನ ಕೆಲಸದವರನ್ನು ಲಾರಿಯಲ್ಲಿ ತುಂಬಿಕೊಂಡು ಬಂದ, ಹಾಗೇ ತುಂಬಿಕೊಂಡು ಹೋದ. ದುಡ್ಡು ಸರಿಯಾಗಿ ನೆಲದೊಳಗೆ ಹೋಯಿತೇ ಎಂದು ಪರಿಶೀಲಿಸಲು ರಾಜಧಾನಿಯಿಂದ ಸುಧೀಂದ್ರ ಎಂಬ ಇಂಜಿನಿಯರು ಜೀಪಿನಲ್ಲಿ ಬರುತ್ತಿದ್ದರು. ಮಾತು ಕಮ್ಮಿ, ಕೆಲಸ ಚೊಕ್ಕ. ತಗಡಿನ ಒಳಗೆ ಗುಂಡಿಗಿಳಿದು, ಒಂದೊಂದು ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿ, ಆ ತುದಿಯಲ್ಲಿ ಹತ್ತಿ ಬರುತ್ತಿದ್ದರು. ಮೊಣಕಾಲವರೆಗೆ ಕೆಸರಾದ ಅಧಿಕಾರಿಯನ್ನು ನಮ್ಮೂರು ಮೊದಲ ಸಲ ಕಂಡಿತು. ಕೂಸುಗಳಿಗೆ ಪೈಪು ತೋರಿಸುವ ದಿನ ಅವರಿಗೂ ಹೇಳಿ ಕಳಿಸಿದೆವು. ಬಂದರು, ನಗಲಿಲ್ಲ, ಸಾರ್ವಜನಿಕರ ಸಹಭಾಗಿತ್ವ ತೃಪ್ತಿಕರ ಎಂದು ಬರೆದುಕೊಂಡರು.

ಅವತ್ತು ಒಳ್ಳೆ ಜನ. ಹೆಗಲ ಮೇಲೆ ಕೂಸಿಲ್ಲದ ಬಾಣಂತಿಯೇ ಇರಲಿಲ್ಲ. ಎಲ್ಲ ಕೂಸುಗಳಿಗೂ ಹೊಸ ಕುಲಾವಿ. ನಾನು ದೂರದಲ್ಲಿ ನಿಂತು, ಎಲ್ಲರೂ ಬಂದಿದ್ದಾರೆ, ಎಲ್ಲರೂ ಈ ತುದಿಯಿಂದ ಆ ತುದಿಗೆ ನಡೆದಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ತಲೆಯಾಡಿಸಿದೆ. ಗುಂಡಿ ಮುಚ್ಚಿದರು. ಚಿಕ್ಕವ್ವ ಅವತ್ತೇ ಹೋಗಿ ಒಂದು ಚೀಲ ಕೊಂಡು ತಂದಳು.

ಉದ್ಘಾಟನೆ ಚೆನ್ನಾಗಿ ನಡೆಯಿತು. ಪುರಸಭೆ ಅಧ್ಯಕ್ಷ ಮರಿಬಸಪ್ಪನವರು ನಲ್ಲಿ ತಿರುಗಿಸಿದರು, ನೀರು ಧೋ ಎಂದು ಬಂತು, ಚರಂಡಿಯಲ್ಲಿ ಸರಾಗವಾಗಿ ಹೋಯಿತು. ಫೋಟೋ ಆಯಿತು, ಕೇಸರಿಬಾತು ಆಯಿತು. ಸುಧೀಂದ್ರ ಅವರು ಕೈ ತೊಳೆದು ಜೀಪು ಹತ್ತಿ ಹೋದರು. ಪಾತ್ರೆ ತೊಳೆಯಲು ಕೂತ ಹೆಂಗಸರು ನೀರು ನಿಂತಿತು ಎಂದು ಕೂಗಿದರು. ಸಂಜೆಯ ಹೊತ್ತಿಗೆ ಮ್ಯಾನ್‌ಹೋಲ್‌ಗಳು ತುಂಬಿ, ಕೇಸರಿಬಾತಿನ ಪರಿಮಳ ಹೋಗಿ ಬೇರೆ ಪರಿಮಳ ಬಂತು.

ದೂರು ಕೊಟ್ಟೆವು. ಮುಂದಿನ ವಾರ ಸುಧೀಂದ್ರ ಅವರು ಬಂದರು. ಅವರು ಬರುವಷ್ಟರಲ್ಲಿ ನಲ್ಲಿಯಲ್ಲಿ ನೀರು, ಚರಂಡಿ ಖಾಲಿ. ನೀವು ಬರುವವರೆಗೆ ಒಂದು ತೊಟ್ಟೂ ಇರಲಿಲ್ಲ ಸಾರ್ ಎಂದು ಊರೆಲ್ಲ ಪ್ರಮಾಣ ಮಾಡಿತು. ಅವರು ಸುಮ್ಮನೆ ಒಂದು ಲೋಟ ನೀರು ಹಿಡಿದು ಕುಡಿದು, ದೂರಿನಲ್ಲಿ ಹುರುಳಿಲ್ಲ ಎಂದು ಬರೆದು ಹೋದರು. ಹೋದರು, ನೀರೂ ಹೋಯಿತು. ಮತ್ತೆ ದೂರು, ಮತ್ತೆ ಅವರು, ಮತ್ತೆ ನೀರು. ಮೂರನೇ ಸಲ ಅವರ ಮುಖ ನೋಡಿದರೆ ನಾವು ಬೇಕೆಂದೇ ಕೀಟಲೆ ಮಾಡುತ್ತಿದ್ದೇವೆ ಎಂದು ತಿಳಿದಿದ್ದಾರೆ ಅನಿಸಿತು. ನನಗೂ ರೇಗಿತು. ಗಿರಣಿ ಬಿಟ್ಟು ಬಂದು ಸುಳ್ಳು ಹೇಳಲು ನನಗೇನು ಹುಚ್ಚೇ?

ಅವತ್ತು ಅವರು ಹೋದ ಸ್ವಲ್ಪ ಹೊತ್ತಿಗೆ ನನಗೆ ಅವರದೇ ಫೋನು ಬಂತು. ಸೇತುವೆಯ ನಡುವೆ ಊರ ಗಡಿಯ ಕಲ್ಲಿದೆ, ಅದರ ಪಕ್ಕದಲ್ಲಿ ನಿಂತಿದ್ದೇನೆ, ಹೊಸ ನಲ್ಲಿ ಹತ್ತಿರ ಹೋಗಿ ಎಂದರು. ಹೋದೆ.

"ಈಗ ಆಚೆ ಇದೀನಿ. ಹೇಗಿದೆ?"

"ನಿಂತಿದೆ ಸಾರ್."

"ಈಗ ಈಚೆ ಬಂದೆ."

"ಬಂತು."

"ಈಗ?"

"ನಿಂತಿತು."

ಹೀಗೆ ಬಹಳ ಹೊತ್ತು ನಡೆಯಿತು. ಕೊನೆಗೆ, "ಹಾಗಾದ್ರೆ ಆ ಪೈಪನ್ನ ನಾನೊಬ್ಬನೇ ನೋಡಿರೋದಾ?" ಎಂದು ಕೇಳಿದರು. ಅದು ಹೇಗೆ ಸಾಧ್ಯ? ಊರ ಕೂಸುಗಳೆಲ್ಲ ನೋಡಿವೆಯಲ್ಲ!

ಉತ್ತರ ಸಿಕ್ಕಿದ್ದು ಗಿರಣಿಯಲ್ಲಿ. ರಾಗಿ ಬೀಸಿಸಲು ಬಂದಿದ್ದ ಹೆಂಗಸರೆಲ್ಲ ಇರುವಾಗ ಮೋಟಾರು ನಿಲ್ಲಿಸಿ, ಪೈಪು ತೋರಿಸಿದ ದಿನ ಏನು ನಡೆಯಿತೆಂದು ಹೇಳುವವರೆಗೆ ಯಾರಿಗೂ ಹಿಟ್ಟಿಲ್ಲ ಎಂದೆ. ಆಮೇಲೆ ದರ್ಜಿ ಸೋಮಣ್ಣನ ಸೊಸೆ, ಮೊರದಲ್ಲಿ ಬೆರಳಾಡಿಸುತ್ತಾ, ತನ್ನ ಮಗಳ ಕುಲಾವಿಯನ್ನು ಕಣ್ಣಿನ ಮೇಲಕ್ಕೆ ಎಳೆದಿದ್ದೆ ಎಂದು ಒಪ್ಪಿಕೊಂಡಳು. ಹೊಂಬಾಳಮ್ಮನ ಹಾಗೆ ತನ್ನ ಮಗಳೂ ಊರಿಗೆ ಕಟ್ಟುಬಿದ್ದು, ಕೆಮ್ಮಿದರೆ ಜನ ಕೊಡ ತುಂಬಿಸಿಕೊಳ್ಳುವ ಹಾಗೆ ಆಗುವುದು ಬೇಡ ಅನ್ನಿಸಿತಂತೆ. ತನ್ನದೊಂದು ಕೂಸು ನೋಡದಿದ್ದರೆ ಏನು ಮುಳುಗಿಹೋಗುತ್ತದೆ, ಉಳಿದವು ನೋಡುತ್ತವಲ್ಲ. ಉಳಿದವರು ಅವಳನ್ನು ದುರುಗುಟ್ಟಿ ನೋಡಿದರು. ನೋಡುತ್ತಾ ನೋಡುತ್ತಾ ಒಬ್ಬೊಬ್ಬರೇ ತಲೆ ತಗ್ಗಿಸಿದರು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆ ಅವರಿಗೆಲ್ಲ ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ಕೂಸಿನ ಕುಲಾವಿ ಎಳೆದಿದ್ದರು. ನಾನು ಮೋಟಾರು ಹಾಕಿ ಹಿಟ್ಟು ಬೀಸಿಕೊಟ್ಟೆ.

ಪುರಸಭೆಯಲ್ಲಿ ಸಭೆ ಸೇರಿತು. ಮತ್ತೆ ಅಗೆದು ತೋರಿಸೋಣ ಎಂದು ನಾನು ಹೇಳಿದೆ. ಒಂದೇ ರಸ್ತೆಯನ್ನು ಎರಡು ಸಲ ಅಗೆಯಲು ಸರ್ಕಾರ ದುಡ್ಡು ಕೊಡುವುದಿಲ್ಲ, ನಮ್ಮ ಕೈಯಿಂದ ಅಗೆಯುವವರು ಯಾರು ಎಂದು ಮರಿಬಸಪ್ಪನವರು ಕೇಳಿದರು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಆಮೇಲೆ ಅಧ್ಯಕ್ಷರಿಗೆ ಒಂದು ಯೋಚನೆ ಹೊಳೆಯಿತು. ಇಂಜಿನಿಯರು ಇನ್ನೂ ವಯಸ್ಸಿನವರು, ಆರೋಗ್ಯವಂತರು, ಬೀಡಿ ಸಿಗರೇಟು ಇಲ್ಲ. ಅವರನ್ನೇ ಉಳಿಸಿಕೊಂಡರೆ ನಾವೆಲ್ಲ ಇರುವವರೆಗೆ ನೀರಿಗೆ ತೊಂದರೆಯಿಲ್ಲ. ಸಭೆ ಒಕ್ಕೊರಲಿನಿಂದ ಒಪ್ಪಿತು. ಇದನ್ನು ಇಂಜಿನಿಯರಿಗೆ ಹೇಳುವ ಕೆಲಸವನ್ನು ಸಮಿತಿಗೆ, ಅಂದರೆ ನನಗೆ, ವಹಿಸಿದರು.

ಅವರು ನಿರೀಕ್ಷೆಗಿಂತ ಸುಲಭವಾಗಿ ಒಪ್ಪಿಕೊಂಡರು. ಒಂದೆರಡು ದಿನ ಇರುತ್ತೇನೆ, ಅಷ್ಟರಲ್ಲಿ ದಾರಿ ಹುಡುಕಿ ಎಂದರು. ಪ್ರವಾಸಿ ಮಂದಿರದಲ್ಲಿ ಕೋಣೆ ಕೊಟ್ಟೆವು. ದಾರಿ ಹುಡುಕುವವರು ಯಾರೂ ಇರಲಿಲ್ಲ, ನೀರು ಬರುತ್ತಿತ್ತಲ್ಲ. ಒಂದೆರಡು ದಿನ ಅಂದದ್ದು ಹಬ್ಬವನ್ನೂ ದಾಟಿತು. ಬಾಗಿಲಲ್ಲಿ ಹಾಲು ಇಡತೊಡಗಿದರು. ಅಡುಗೆಯವನಿಗೆ ಉಪ್ಪು, ಎಣ್ಣೆ ಕಮ್ಮಿ ಮಾಡಲು ಹೇಳಿದರು. ಜೀಪಿನ ಬೀಗದ ಕೈ ಪುರಸಭೆಯಲ್ಲಿ ಜೋಪಾನವಾಗಿರಲಿ ಎಂದು ತೆಗೆದಿಟ್ಟುಕೊಂಡರು. ಅವರ ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದದ್ದನ್ನು ಅವರು ಫೋನಿನಲ್ಲಿ ನೋಡಿದರು. ನನಗೂ ತೋರಿಸಿದರು. ಚೆನ್ನಾಗಿ ಕುಣಿದಿದ್ದಾಳೆ ಸಾರ್ ಅಂದೆ. ಹೌದಂತೆ ಅಂದರು.

ಇತ್ತ ಊರಲ್ಲಿ ಮನೆಮನೆಗೂ ಹೊಸ ಪೈಪಿನ ನಲ್ಲಿ ಜೋಡಿಸಿ ಆಗಿತ್ತು. ಹಳೇ ಪೈಪಿಗೆ ಉಳಿದದ್ದು ನನ್ನ ಗಿರಣಿ ಮುಂದಿನ ಬೀದಿ ನಲ್ಲಿ ಒಂದೇ. ಅಂದರೆ ಚಿಕ್ಕವ್ವ ಈಗ ಹೋಗಬಹುದಿತ್ತು. ಬಚ್ಚಲ ಬಾಗಿಲಿನ ಹೆಂಗಸರು ಯಾವ ದಿನದಿಂದ ಬರುವುದು ಬಿಟ್ಟರೋ ಅವಳಿಗೆ ನೆನಪಿಲ್ಲ. ಹಾಲೂ ನಿಂತಿತ್ತು. ಅವಳು ಚೀಲಕ್ಕೆ ಎರಡು ಸೀರೆ ತುರುಕಿ, ಬಸ್ಸಿಗೆ ಮುಂಚೆ ಆ ಇಂಜಿನಿಯರಪ್ಪನಿಗೆ ಹೋಗಿಬರುತ್ತೇನೆಂದು ಹೇಳಿ ಬರೋಣ ಎಂದಳು.

ನಾವು ಹೋದಾಗ ಸುಧೀಂದ್ರ ಅವರು ಜಗಲಿಯ ಮೇಲೆ ಉಪ್ಪಿಲ್ಲದ ಉಪ್ಪಿಟ್ಟು ಮುಂದಿಟ್ಟುಕೊಂಡು ಕೂತಿದ್ದರು. ಸ್ನಾನದ ಮನೆ ಬಾಗಿಲಲ್ಲಿ ಪುರಸಭೆಯ ಇಬ್ಬರು ಜವಾನರು ನಿಂತಿದ್ದರು. ಚಿಕ್ಕವ್ವ ಜವಾನರನ್ನು ನೋಡಿದಳು, ತಟ್ಟೆ ನೋಡಿದಳು. ಇಂಜಿನಿಯರಿಗೆ ಒಂದು ಸಣ್ಣ ಸೀನು ಬಂತು. ಪಕ್ಕದ ಓಣಿಯಲ್ಲಿ ಕೊಡಗಳ ಸದ್ದು ಶುರುವಾಯಿತು. ಚಿಕ್ಕವ್ವ ಚೀಲ ಕೆಳಗಿಟ್ಟಳು. ಬಸ್ಸಿನ ಹಾರನ್ನು ಎರಡು ಸಲ ಕೇಳಿಸಿತು, ಅವಳು ಅಲ್ಲಾಡಲಿಲ್ಲ. ಇಷ್ಟು ವರ್ಷ ಕಾದವಳು, ಇವತ್ತು ಹೋಗದಿದ್ದರೆ ಇನ್ನು ಯಾವಾಗ ಹೋಗುತ್ತಾಳೆ? ಹೊರಡು ಎಂದು ಕೈ ಹಿಡಿದು ಎಳೆದೆ.

"ನನ್ನ ಬಿಡ್ಸಕೆ ಇನ್ನೊಬ್ಬನ್ನ ಕಟ್ಟಾಕಿದ್ದೀರಲ್ಲೋ," ಎಂದಳು. "ಈ ಪುಣ್ಯಾತ್ಮನ್ನ ಇಲ್ಲಿ ಕೂರ್ಸಿ ನಾನು ಯಾವ ಸಮುದ್ರ ನೋಡ್ಲಿ?"

ಆಮೇಲೆ ಅವಳು ನೆಟ್ಟಗೆ ಪುರಸಭೆಗೆ ನಡೆದಳು. ಜೀಪಿನ ಬೀಗದ ಕೈ ಕೊಡಿ ಎಂದಳು. ಅಲ್ಲಿದ್ದವರೆಲ್ಲ ಅವಳು ಎದ್ದರೂ ಕೂತರೂ ಓಡಿಬಂದು ಕೈ ಹಿಡಿಯುತ್ತಲೇ ಬೆಳೆದವರು, ಅವಳಿಗೆ ಇಲ್ಲ ಎನ್ನುವುದು ಅಭ್ಯಾಸವಿರಲಿಲ್ಲ. ಕೊಟ್ಟರು. ಊರಿಗೆ ವಿಷಯ ತಿಳಿಯುವಷ್ಟರಲ್ಲಿ ಜೀಪು ಸೇತುವೆಯ ಮೇಲೆ ಗಡಿ ಕಲ್ಲಿನ ಈಚೆ ನಿಂತಿತ್ತು. ಸುಧೀಂದ್ರ ಅವರು ಸ್ಟಿಯರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಚಿಕ್ಕವ್ವ. ಹಳೇ ನೀರು ಹೊಸ ನೀರು ಎರಡೂ ಒಂದೇ ಸೀಟಿನಲ್ಲಿ. ಮರಿಬಸಪ್ಪನವರು ಚಪ್ಪಲಿಯಿಲ್ಲದೆ ಓಡಿ ಬಂದು ಕೈ ಮುಗಿದರು. ಬೇಕಾದ್ದು ಕೇಳು ತಾಯಿ, ಏನು ಬೇಕಾದರೂ ಕೊಡುತ್ತೇವೆ ಎಂದರು.

"ನಂಗೇನೂ ಬ್ಯಾಡ. ಅಗೀರಿ. ಈ ಸಲ ಕೂಸುಗಳ್ನ ಮನೇಲಿ ಬಿಟ್ಟು ನೀವೇ ತಿರುಗಿ ನಿಂತ್ಕಂಡು ನೋಡ್ರಿ, ಇಡೀ ಊರು. ಎಲ್ಲಾರೂ ನೋಡಿದ್ರೆ ಯಾರೂ ಒಬ್ರೇ ಸಿಕ್ಕಾಕಳಕಿಲ್ಲ. ಆಗಕಿಲ್ಲ ಅಂದ್ರೆ ಹೇಳಿ, ಹೊಂಟೋಯ್ತೀವಿ."

ದೃಷ್ಟಿಯಾಗುತ್ತದಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ಸುಧೀಂದ್ರ ಅವರು ಜೀಪು ಸ್ಟಾರ್ಟ್ ಮಾಡಿದರು. ಅವರು ಅಂಥ ಕೆಲಸ ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ಮರಿಬಸಪ್ಪನವರು ಅಲ್ಲೇ ನಿಂತು, ಮನೆಗೊಂದು ಗುದ್ದಲಿ ಎಂದು ಕೂಗಿದರು.

ಅಗೆದೆವು. ಉದ್ಘಾಟನೆಯ ಕಲ್ಲನ್ನೂ ಕಿತ್ತು ಪಕ್ಕಕ್ಕಿಟ್ಟೆವು, ಅದರಲ್ಲಿ ಹೆಸರಿದ್ದವರು ಆಮೇಲೆ ಮುನಿಸಿಕೊಂಡರು, ಇರಲಿ. ಮುಗಿಯುವ ಹೊತ್ತಿಗೆ ಊರಲ್ಲಿ ಬೊಬ್ಬೆ ಬರದ ಅಂಗೈ ಇರಲಿಲ್ಲ. ಅಷ್ಟೂ ದಿನ ಅವರಿಬ್ಬರೂ ನಮ್ಮ ಮನೆಯಲ್ಲೇ ಉಂಡರು, ಉಪ್ಪಿನಕಾಯಿ ಹಾಕಿಕೊಂಡು. ತೋರಿಸುವ ದಿನ ಜನ ಗುಂಡಿಯ ಉದ್ದಕ್ಕೂ ಬೆನ್ನು ಮಾಡಿ ನಿಂತರು, ಅಭ್ಯಾಸ. ಆಮೇಲೆ ದರ್ಜಿ ಸೋಮಣ್ಣನ ಸೊಸೆ ಮೊದಲು ತಿರುಗಿದಳು. ಅವಳನ್ನು ನೋಡಿ ಅವಳ ಪಕ್ಕದವಳು. ನಾನು ಎಂದಿನ ಹಾಗೆ ದೂರದಲ್ಲಿ ನಿಂತಿದ್ದವನು ಹತ್ತಿರ ಹೋಗಿ, ಬಗ್ಗಿ ನೋಡಿದೆ. ಇಷ್ಟು ವರ್ಷ ಸಮಿತಿಯಲ್ಲಿದ್ದು ಪೈಪು ನೋಡಿದ್ದು ಅದೇ ಮೊದಲು. ಎರಡು ಕಪ್ಪು ಪೈಪು, ಸ್ವಲ್ಪ ಮಣ್ಣು, ಒಂದು ಕಪ್ಪೆ. ಇಷ್ಟೇನಾ ಅನಿಸಿತು. ಚಿಕ್ಕವ್ವ ಮಾತ್ರ ಆ ಕಡೆ ಸುಳಿಯಲಿಲ್ಲ. ಅವಳು ನೋಡಿದ್ದು ಒಂದು ಸಾಕಂತೆ.

ಸುಧೀಂದ್ರ ಅವರ ಮುಂದಿನ ಪರಿಶೀಲನೆ ಕಡಲ ತೀರದ ಒಂದು ಊರಲ್ಲಿತ್ತು. ದಾರಿಯಲ್ಲಿ ಮನೆಗೆ ಹೋಗಿ ಮಗಳನ್ನು ನೋಡಿಕೊಂಡು, ಅಜ್ಜಿಯನ್ನು ಸಮುದ್ರದವರೆಗೂ ಬಿಡುತ್ತೇನೆ ಎಂದರು. ನಾನೂ ಬರುತ್ತೇನೆಂದೆ, ಮಾತು ಕೊಟ್ಟಿದ್ದೆನಲ್ಲ. ಚಿಕ್ಕವ್ವ ಬೇಡವೆಂದಳು. ಇಷ್ಟು ದಿನ ಜೊತೆಗೆ ಜನ ಇಲ್ಲದೆ ಬಚ್ಚಲಿಗೂ ಹೋಗಿಲ್ಲ, ಇದೊಂದನ್ನು ಒಬ್ಬಳೇ ನೋಡುತ್ತೇನೆ ಎಂದಳು. ಫೋನು ಕೊಟ್ಟೆ, ಅದೂ ಬೇಡ. ಜೀಪು ಹತ್ತಿ, ಉಪ್ಪಿನಕಾಯಿ ಜಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡ ಮೇಲೆ ನನ್ನ ಕಡೆ ಬಗ್ಗಿದಳು.

"ಬರ್ಬೇಕು ಅನ್ಸುದ್ರೆ ಬತ್ತೀನಿ. ಕಾಯ್ಬ್ಯಾಡ."

ಊರೆಲ್ಲ ಹೊಸ ಟ್ಯಾಂಕಿನ ಹತ್ತಿರ ಸೇರಿತ್ತು, ಇಂಜಿನಿಯರು ಗಡಿ ದಾಟಿದರೆ ನೀರು ನಿಲ್ಲುತ್ತದೋ ಇಲ್ಲವೋ ನೋಡಲು. ಜೀಪಿನ ಹತ್ತಿರ ನಿಂತವನು ನಾನೊಬ್ಬನೇ. ಅದು ತಿರುವಿನಲ್ಲಿ ಮರೆಯಾದ ಮೇಲೆ ಗಿರಣಿಗೆ ಬಂದು, ಮುಂದಿನ ಬೀದಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಅದರ ಕಟ್ಟೆಯ ಮೇಲೆ ಕೂತೆ. ನೀರು ಜೋರಾಗಿಯೇ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸಣ್ಣಗಾಯಿತು, ದಾರದಷ್ಟಾಯಿತು, ಹನಿಯಾಯಿತು, ನಿಂತಿತು. ಚಿಕ್ಕವ್ವ ದಾಟಿದಳು. ಅದೇ ಹೊತ್ತಿಗೆ ಟ್ಯಾಂಕಿನ ಕಡೆಯಿಂದ ಹೋ ಎಂದು ಕೇಕೆ ಕೇಳಿಸಿತು. ಅಲ್ಲಿ ನೀರು ನಿಂತಿರಲಿಲ್ಲ. ನನಗೆ ಸಂತೋಷವೂ ಆಯಿತು, ಅಳುವೂ ಬಂತು. ತಲೆ ನೆರೆತ ಗಂಡಸು ಬತ್ತಿದ ನಲ್ಲಿಯ ಮುಂದೆ ಕೂತು ಅಳುವುದನ್ನು ನೋಡಿ ಸೋಮಣ್ಣ, ಮನೆಯಲ್ಲಿ ಹೊಸ ನಲ್ಲಿ ಇದೆಯಲ್ಲ ಮಾರಾಯ ಎಂದು ಸಮಾಧಾನ ಮಾಡಿದ.

ಆ ನಲ್ಲಿಯನ್ನು ನಾನು ಮುಚ್ಚಲಿಲ್ಲ. ಪುರಸಭೆಯವರು ಕೀಳಲು ಬಂದಾಗ ಸಮಿತಿಯ ಅಧಿಕಾರ ಚಲಾಯಿಸಿ ಓಡಿಸಿದೆ. ಒಣ ನಲ್ಲಿಯಲ್ಲಿ ಗುಬ್ಬಿಯೊಂದು ಗೂಡಿಗೆ ಹುಲ್ಲು ತುರುಕಲು ನೋಡಿತು, ದಿನಾ ತೆಗೆದು ಬಿಸಾಡುತ್ತಿದ್ದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಒಮ್ಮೆ, ಸಂಜೆ ಬಾಗಿಲು ಹಾಕುವಾಗ ಒಮ್ಮೆ ಅದರ ಬಾಯಿಯೊಳಗೆ ಬೆರಳು ಹಾಕಿ ನೋಡುತ್ತಿದ್ದೆ. ಕಾಯುತ್ತಿರಲಿಲ್ಲ. ಕಾಯಬೇಡ ಎಂದು ಹೇಳಿದ್ದಳಲ್ಲ.

ಅವರೆಕಾಯಿ ಕಾಲ ಮತ್ತೆ ಬಂದಿತ್ತು. ಒಂದು ಮಧ್ಯಾಹ್ನ ಸೋಮಣ್ಣನ ಸೊಸೆಯ ರಾಗಿ ಬೀಸುತ್ತಿದ್ದೆ, ಮೋಟಾರಿನ ಸದ್ದಿಗೆ ಕಿವಿ ಕೇಳುತ್ತಿರಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು ಏನೋ ಕೂಗುತ್ತಾ ರಸ್ತೆಯ ಕಡೆ ಕೈ ತೋರಿಸಿದಳು. ಮೋಟಾರು ಆರಿಸಿದೆ.

"ನಲ್ಲಿ ಬಿಟ್ಟೇ ಇದ್ದೀಯಲ್ಲ ಮಾವ," ಎಂದಳು. "ನೀರು ಪೋಲಾಗ್ತಾ ಐತೆ."

ಹೊರಗೆ ಬಂದೆ. ನಲ್ಲಿ ಕೆಮ್ಮಿ, ಕೆಂಪು ನೀರು ಕಕ್ಕಿ, ಒಂದು ಹುಲ್ಲುಕಡ್ಡಿ ಉಗುಳಿ, ಆಮೇಲೆ ತಿಳಿಯಾಗಿ ಹರಿಯತೊಡಗಿತು. ಸೋಮಣ್ಣನ ಸೊಸೆ ಮುಚ್ಚಲು ಕೈ ಹಾಕಿದಳು. ಇರಲಿ ಬಿಡು ಎಂದು ಹೇಳಿ, ಮೈತುಂಬ ಹಿಟ್ಟಿದ್ದ ಹಾಗೆಯೇ ಬಸ್ ಸ್ಟ್ಯಾಂಡಿನ ಕಡೆ ಓಡಿದೆ.